ದಸರಾ ಮುಗೀತು, ಸೀಸನ್ ಮುಗಿದಿಲ್ಲ: ಶ್ರೀರಂಗಪಟ್ಟಣದಲ್ಲಿ ಜನ ಇಳಿತಾರೆ, ಊಟಕ್ಕೆ ಯಾಕೆ ನಿಲ್ಲಲ್ಲ?

ಶ್ರೀರಂಗಪಟ್ಟಣ: 2025ರ ಅಕ್ಟೋಬರ್ 2ಕ್ಕೆ ಮೈಸೂರಿನ ಜಂಬೂಸವಾರಿ ಮುಗೀತು. ಮಾರನೇ ದಿನದಿಂದಲೇ ಪಟ್ಟಣದ ಅಂಗಡಿ ಕಟ್ಟೆಗಳ ಮೇಲೆ ಪ್ರತಿ ವರ್ಷದ ಮಾತು ಶುರು. ಜನ ಏನೋ ಬಂದ್ರು, ವ್ಯಾಪಾರ ಆಗ್ಲಿಲ್ಲ.

ಇದನ್ನ ಬರೀ ವ್ಯಾಪಾರಸ್ಥರ ಗೊಣಗಾಟ ಅಂತ ತಳ್ಳಿಹಾಕೋಕೆ ಆಗಲ್ಲ. ಜನ ಬಂದಿದ್ದೂ ನಿಜ, ಗಲ್ಲಾ ತುಂಬದೇ ಇದ್ದಿದ್ದೂ ನಿಜ. ಹಬ್ಬಕ್ಕೆ ಅಂತ ಸಾಲ ಮಾಡಿ ಸರಕು ತುಂಬಿಸಿಕೊಂಡ ಆಟಿಕೆ ಅಂಗಡಿಯವರಿಗೆ, ಬಳೆ ಅಂಗಡಿಯವರಿಗೆ, ಸಣ್ಣ ಹೋಟೆಲ್‌ನವರಿಗೆ ಇದು ಇಡೀ ವರ್ಷದ ಲೆಕ್ಕ. ಜನ ಕಡಿಮೆ ಅನ್ನೋದು ಸಮಸ್ಯೆಯೇ ಅಲ್ಲ. ಬಂದವರು ತಾಲ್ಲೂಕಿನಲ್ಲಿ ಕಳೆಯೋ ಹೊತ್ತು ಊಟದ ಹೊತ್ತಲ್ಲ, ಮಲಗೋ ಹೊತ್ತೂ ಅಲ್ಲ. ತೊಂದರೆ ಇರೋದು ಅಲ್ಲಿ.

ಗಡಿಯಾರ ನೋಡಿದ್ರೆ ಗೊತ್ತಾಗುತ್ತೆ

ಬೆಂಗಳೂರಿನಿಂದ ಕಾರಲ್ಲಿ ಬರೋ ಕುಟುಂಬದ ದಿನ ಹೇಗಿರುತ್ತೆ? ಬೆಳಗ್ಗೆ ಆರಕ್ಕೆ ಹೊರಟು ಬಿಡದಿಯಲ್ಲೋ ಮದ್ದೂರಿನಲ್ಲೋ ತಿಂಡಿ ಮುಗಿಸ್ತಾರೆ. ಒಂಬತ್ತರ ಹೊತ್ತಿಗೆ ಪಟ್ಟಣಕ್ಕೆ ಇಳಿದು ರಂಗನಾಥಸ್ವಾಮಿ ದೇವಸ್ಥಾನ, ಗಂಜಾಂನ ನಿಮಿಷಾಂಬ, ಸಂಗಮ, ಟೈಮ್ ಇದ್ರೆ ದರಿಯಾ ದೌಲತ್ ನೋಡ್ತಾರೆ. ಹನ್ನೆರಡೂವರೆ ಆಗುತ್ತಿದ್ದ ಹಾಗೆ ಕಾರು ಮೈಸೂರು ಕಡೆ ತಿರುಗುತ್ತೆ. ಊಟ ಮೈಸೂರಿನಲ್ಲಿ, ಕೇವಲ 15 ಕಿಲೋಮೀಟರ್ ದೂರ.

ಮೈಸೂರಿನಲ್ಲೇ ರೂಮು ಮಾಡಿದವರ ಕಥೆ ಇದರ ಉಲ್ಟಾ. ಅವರು ಕೆಆರ್‌ಎಸ್‌ಗೆ ಬರೋದು ಸಂಜೆ ನಾಲ್ಕೂವರೆ, ಐದಕ್ಕೆ. ಬೃಂದಾವನದ ಕಾರಂಜಿ ನೋಡಿ ಪಾರ್ಕಿಂಗ್‌ನಿಂದ ಹೊರಗೆ ಬರೋಷ್ಟರಲ್ಲಿ ಎಂಟು ಗಂಟೆ. ಅಲ್ಲಿಂದ ಸೀದಾ ಮೈಸೂರಿಗೆ ವಾಪಸ್ಸು. ದಸರಾ ಟೈಮಲ್ಲಂತೂ ಅರಮನೆ ದೀಪಾಲಂಕಾರ, ಬೀದಿ ಬೀದಿ ಲೈಟಿಂಗ್ಸ್, ಆಹಾರ ಮೇಳ ಎಲ್ಲಾ ಅಲ್ಲೇ ಕಾಯ್ತಿರುತ್ತೆ.

ಕೆಎಸ್‌ಆರ್‌ಟಿಸಿ ದಸರಾಗೆ ಅಂತ ಬಿಡೋ ಒಂದು ದಿನದ ಪ್ಯಾಕೇಜ್‌ಗಳನ್ನೇ ನೋಡಿ. ದೇವದರ್ಶಿನಿ ಬಸ್ಸು ನಂಜನಗೂಡು, ಬ್ಲಫ್, ಮುಡುಕುತೊರೆ, ತಲಕಾಡು, ಸೋಮನಾಥಪುರ ಎಲ್ಲಾ ಸುತ್ತಿ ಕೊನೆಗೆ ಶ್ರೀರಂಗಪಟ್ಟಣಕ್ಕೆ ಬರುತ್ತೆ. ಜಲದರ್ಶಿನಿ ಬಸ್ಸು ಬೈಲುಕುಪ್ಪೆಯ ಗೋಲ್ಡನ್ ಟೆಂಪಲ್, ದುಬಾರೆ, ನಿಸರ್ಗಧಾಮ, ರಾಜಾಸೀಟು ಮುಗಿಸಿ ಕೊನೆಗೆ ಕೆಆರ್‌ಎಸ್‌ಗೆ. ಎರಡು ಬಸ್ಸಿಗೂ ಕೊನೇ ಸ್ಟಾಪು ಈ ತಾಲ್ಲೂಕೇ. ದಿನವಿಡೀ ಸುತ್ತಿ, ಮಕ್ಕಳು ಮಡಿಲಲ್ಲಿ ನಿದ್ದೆ ಹೋಗಿ, ಕೈಯಲ್ಲಿದ್ದ ಕಾಸು ತಲಕಾಡಲ್ಲೋ ದುಬಾರೆಯಲ್ಲೋ ಖರ್ಚಾದ ಮೇಲೆ ಜನ ಇಲ್ಲಿ ಇಳಿತಾರೆ. ಕೈ ಮುಗಿದು, ಒಂದು ಸೆಲ್ಫಿ ತೆಗೆದು ಮತ್ತೆ ಬಸ್ಸು ಹತ್ತುತ್ತಾರೆ.

ಒಟ್ಟಿನಲ್ಲಿ ಒಂದು ಗುಂಪು ಊಟಕ್ಕೆ ಮುಂಚೆ ಹೋಗಿಬಿಡುತ್ತೆ, ಇನ್ನೊಂದು ಊಟ ಆದ ಮೇಲೆ ಬರುತ್ತೆ. ತಾಲ್ಲೂಕಿಗೆ ಸಿಗೋದು ಮಧ್ಯದ ಎಳನೀರು, ಸೌತೆಕಾಯಿ, ಹಣ್ಣುಕಾಯಿ, ಪಾರ್ಕಿಂಗ್ ಚೀಟಿ. ಲೆಕ್ಕಕ್ಕೆ ಐದು ಜನರ ಒಂದು ಕಾರನ್ನೇ ತಗೊಳ್ಳಿ. ಇಲ್ಲಿ ಬಿಡೋದು ಹೆಚ್ಚೂಕಮ್ಮಿ ಮುನ್ನೂರು ನಾನೂರು. ಅದೇ ಕಾರು ಮೈಸೂರಲ್ಲಿ ಒಂದು ಹೊತ್ತು ಊಟಕ್ಕೆ ಕೂತ್ರೆ ಸಾವಿರ ದಾಟುತ್ತೆ, ರೂಮಿನ ಬಾಡಿಗೆ ಬೇರೆ.

ರಸ್ತೆ ಬಂತು, ದಾರಿಹೋಕರು ಹೋದ್ರು

ಇದಕ್ಕೆಲ್ಲ ಎಕ್ಸ್‌ಪ್ರೆಸ್ ವೇ ಕಾರಣ ಅನ್ನೋರು ಬಹಳ ಜನ. ಅರ್ಧ ಸತ್ಯ. 2023ರ ಮಾರ್ಚ್ 12ಕ್ಕೆ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿ ಪಟ್ಟಣವನ್ನ ಪಕ್ಕಕ್ಕೆ ಬಿಟ್ಟು ಹೋಗುತ್ತೆ. ಮೊದಲು ಹಳೇ ರಸ್ತೆಯಲ್ಲಿ ಹೋಗ್ತಿದ್ದ ಪ್ರತಿಯೊಂದು ಬಸ್ಸು ಕಾರು ಪಟ್ಟಣದ ಅಂಗಡಿಗಳ ಮುಂದೆಯೇ ಹಾದು ಹೋಗಬೇಕಿತ್ತು. ಕಾಫಿಗೋ ಮೂತ್ರ ವಿಸರ್ಜನೆಗೋ ಯಾರಾದರೂ ನಿಲ್ಲಿಸ್ತಿದ್ರು. ಈಗ ಗಣಂಗೂರು ಟೋಲ್ ಕಟ್ಟಿದ ಗಾಡಿ ಬೈಪಾಸ್ ಹಿಡಿದ್ರೆ ನಿಲ್ಲೋದು ಮೈಸೂರಲ್ಲೇ. ನಾನ್‌ಸ್ಟಾಪ್ ಬಸ್ಸುಗಳೂ ಹಾಗೇ. ಮಂಡ್ಯ ಜಿಲ್ಲೆಯ ಹಳೇ ಹೆದ್ದಾರಿ ಹೋಟೆಲ್‌ಗಳಿಗೆ, ಚನ್ನಪಟ್ಟಣದ ಬೊಂಬೆ ಅಂಗಡಿಗಳಿಗೆ ಬಿದ್ದ ಪೆಟ್ಟು ಇಲ್ಲಿಗೂ ಬಿತ್ತು.

ಆದ್ರೆ ಒಂದು ವ್ಯತ್ಯಾಸ ಇದೆ. ಹೆದ್ದಾರಿ ಪಕ್ಕದ ಹೋಟೆಲ್‌ಗೆ ರಸ್ತೆಯೇ ಬಂಡವಾಳ. ರಸ್ತೆ ಸರಿದ್ರೆ ವ್ಯಾಪಾರವೂ ಸರಿಯುತ್ತೆ. ಶ್ರೀರಂಗಪಟ್ಟಣ ಹಾಗಲ್ಲ. ಇಲ್ಲಿಗೆ ಜನ ಬೇಕು ಅಂತಲೇ ಬರ್ತಾರೆ. ಅದೇ ಹೆದ್ದಾರಿಯಿಂದಾಗಿ ಬೆಂಗಳೂರಿನವರು ಬೆಳಗ್ಗೆ ಬಂದು ರಾತ್ರಿ ಮನೆ ಸೇರೋದು ಸಲೀಸಾಯ್ತು. 2025ರ ಆಗಸ್ಟ್ 15ರಿಂದ ಖಾಸಗಿ ಕಾರುಗಳಿಗೆ 3,000 ರೂಪಾಯಿಗೆ 200 ಟ್ರಿಪ್‌ಗಳ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂದ ಮೇಲೆ ಟೋಲ್ ಭಯವೂ ಕಡಿಮೆ ಆಗಿದೆ. ಅಂದ್ರೆ ಒಂದು ದಿನದ ಪ್ರವಾಸಿಗರು ಹೆಚ್ಚುತ್ತಾರೆ, ಉಳ್ಕೊಳ್ಳೋರು ಕಡಿಮೆ ಆಗ್ತಾರೆ.

ಉಳ್ಕೊಳ್ಳೋಣ ಅಂದ್ರೂ ಎಲ್ಲಿ? ಕೋಟೆ ಒಳಗೆ ಒಳ್ಳೇ ಲಾಡ್ಜ್ ಯಾಕಿಲ್ಲ ಅಂತ ಹೊರಗಿನವರು ಕೇಳ್ತಾರೆ. ಉತ್ತರ ಊರಿನ ಪ್ರತಿ ಮನೆಯವರಿಗೂ ಗೊತ್ತು. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟೋ ಹಾಗಿಲ್ಲ, ಅದರಾಚೆ ಇನ್ನೂ 200 ಮೀಟರ್‌ಗೆ ಅನುಮತಿ ಬೇಕು. ಹೆಜ್ಜೆಗೊಂದು ಸ್ಮಾರಕ ಇರೋ ಊರಲ್ಲಿ ಈ ಗೆರೆಗಳನ್ನ ನಕ್ಷೆ ಮೇಲೆ ಎಳೆದ್ರೆ ಖಾಲಿ ಉಳಿಯೋ ಜಾಗ ಎಷ್ಟು? ಮನೆ ರಿಪೇರಿಗೇ ಅಲೆದಾಡೋ ಜನ ಮೂರು ಅಂತಸ್ತಿನ ಲಾಡ್ಜ್ ಕನಸು ಕಾಣೋದು ಹೇಗೆ. ಸ್ಮಾರಕ ಉಳೀಬೇಕು, ಅದರಲ್ಲಿ ಎರಡು ಮಾತಿಲ್ಲ. ಹಾಗಾಗಿ ರಾತ್ರಿ ವ್ಯಾಪಾರದ ಆಸೆ ಸದ್ಯಕ್ಕೆ ಬಿಟ್ಟು, ಮಧ್ಯಾಹ್ನದ ಊಟಕ್ಕೆ ಜನರನ್ನ ನಿಲ್ಲಿಸೋದು ಹೇಗೆ ಅಂತ ಯೋಚಿಸೋದು ವಾಸಿ.

ಎರಡು ದಸರಾ, ಒಂದು ಗಲ್ಲಾ

1610ರಲ್ಲಿ ರಾಜ ಒಡೆಯರ್ ದಸರಾ ಶುರು ಮಾಡಿದ್ದು ಶ್ರೀರಂಗಪಟ್ಟಣದಲ್ಲಿ. 1799ರ ನಂತರ ರಾಜಧಾನಿ ಮೈಸೂರಿಗೆ ಹೋಯ್ತು, ದಸರಾವೂ ಜೊತೆಗೆ ಹೋಯ್ತು. ಇದನ್ನ ಊರಿನವರು ಹೆಮ್ಮೆಯಿಂದ ಹೇಳ್ತಾರೆ. ಆದ್ರೆ ಇತಿಹಾಸದಿಂದ ಬಿಲ್ ಹರಿಯಲ್ಲ.

ಈಗ ನಡೆಯೋ ಶ್ರೀರಂಗಪಟ್ಟಣ ದಸರಾ ಮೂರ್ನಾಲ್ಕು ದಿನದ್ದು. ಕಿರಂಗೂರು ಬನ್ನಿಮಂಟಪದಲ್ಲಿ ಪೂಜೆ, ಅಲ್ಲಿಂದ ಪಟ್ಟಣದವರೆಗೆ ಜಂಬೂಸವಾರಿ, ದೇವಸ್ಥಾನದ ಬಳಿ ರಾತ್ರಿ ವೇದಿಕೆ ಕಾರ್ಯಕ್ರಮ. ಮೆರವಣಿಗೆ ದಿನ ಹಳ್ಳಿ ಹಳ್ಳಿಯಿಂದ ಜನ ಬಂದು ರಸ್ತೆ ಎರಡೂ ಬದಿ ನಿಲ್ತಾರೆ. ಅದು ನಿಜವಾದ ಊರಹಬ್ಬ, ಚೆನ್ನಾಗೇ ಇರುತ್ತೆ. ಆದ್ರೆ ಕಾರ್ಯಕ್ರಮದ ತೂಕವೆಲ್ಲ ರಾತ್ರಿಗೆ ಬಿದ್ದಿದೆ, ಹೊರಗಿನ ಪ್ರವಾಸಿಗರು ಇಲ್ಲಿರೋದು ಹಗಲು. ರಾತ್ರಿ ಹಾಡು ಕೇಳೋಕೆ ಕೂತವರು ತಾಲ್ಲೂಕಿನವರೇ. ಪ್ರೋಗ್ರಾಂ ಮುಗಿದ ಮೇಲೆ ಅವರು ಊಟ ಮಾಡೋದು ಮನೆಯಲ್ಲಿ.

ಮೈಸೂರಿನ ಆಹಾರ ಮೇಳ ಯಾಕೆ ಅಷ್ಟು ಓಡುತ್ತೆ? ಅಲ್ಲಿ ಊಟವೇ ಕಾರ್ಯಕ್ರಮ. ಬೊಂಬು ಬಿರಿಯಾನಿ ತಿನ್ನೋಕೆ ಅಂತಲೇ ಜನ ಸಾಲು ನಿಲ್ತಾರೆ. ಬೇರೆ ದಿನ ಕೇಳದೇ ಇರೋ ಉತ್ತರ ಕರ್ನಾಟಕದ ರೊಟ್ಟಿ ಊಟ ದಸರಾದಲ್ಲಿ ಕೇಳ್ತಾರೆ. ಸುತ್ತಾಡೋಕೆ ಬಂದವನಿಗೆ ತಿನ್ನೋದೂ ಒಂದು ನೋಟ.

ಮಂಡ್ಯ ಜಿಲ್ಲೆಯ ಊಟಕ್ಕೆ ಏನು ಕಡಿಮೆ? ಮುದ್ದೆ ಬಸ್ಸಾರು, ಉಪ್ಪೆಸರು, ನಾಟಿಕೋಳಿ ಸಾರು, ಆಲೆಮನೆ ಬೆಲ್ಲ, ಕಬ್ಬಿನ ಹಾಲು. ಪಕ್ಕದ ಮೇಲುಕೋಟೆ ಪುಳಿಯೋಗರೆಗೆ ಬೆಂಗಳೂರಿನಿಂದ ಗಾಡಿ ಕಟ್ಕೊಂಡು ಬರೋರಿದ್ದಾರೆ. ಆದ್ರೆ ಪಟ್ಟಣದ ದೇವಸ್ಥಾನದ ಸುತ್ತ ಮಧ್ಯಾಹ್ನ ಒಂದಕ್ಕೆ ಹಸಿದು ನಿಂತವನಿಗೆ ಕಣ್ಣಿಗೆ ಬೀಳೋದು ಚುರುಮುರಿ, ಗೋಬಿ, ಫ್ರೈಡ್ ರೈಸ್ ಬೋರ್ಡು. ಬೆಂಗಳೂರಿನಿಂದ ಬಂದವನು ಗೋಬಿ ತಿನ್ನೋಕೆ 125 ಕಿಲೋಮೀಟರ್ ಬರಲ್ಲ.

ಈ ವಿಷಯ ಸರ್ಕಾರಕ್ಕಿಂತ ಮೊದಲು ಅರ್ಥ ಮಾಡ್ಕೊಂಡಿದ್ದು ಕೆಆರ್‌ಎಸ್ ಸುತ್ತಮುತ್ತ ಮೀನು ಹುರಿಯೋರು. ಅಲ್ಲಿ ಯಾರೂ ಮೇಳ ಮಾಡ್ಲಿಲ್ಲ, ಉದ್ಘಾಟನೆಯೂ ಇಲ್ಲ. ಗಿರಾಕಿ ಕಣ್ಣ ಮುಂದೆಯೇ ಮಸಾಲೆ ಹಚ್ಚಿ ಕಾವಲಿ ಮೇಲೆ ಹಾಕ್ತಾರೆ, ವಾಸನೆಗೇ ಗಾಡಿ ನಿಲ್ಲುತ್ತೆ. ಕೆಆರ್‌ಎಸ್‌ಗೆ ಹೋದವರು ಕಾರಂಜಿ ಮರೆತರೂ ಮೀನು ಫ್ರೈ ಮರೆಯಲ್ಲ. ತಾಲ್ಲೂಕಿನ ಪ್ರವಾಸೋದ್ಯಮದಲ್ಲಿ ಯಾರ ಅನುದಾನವೂ ಇಲ್ಲದೆ ಬೆಳೆದ ವ್ಯಾಪಾರ ಅಂದ್ರೆ ಅದೇ.

ಆರತಿಗೆ ಕೋಟಿ, ನೆರಳಿಗೆ?

ಈ ಸಲದ ಹೊಸದು ಅಂದ್ರೆ ಕಾವೇರಿ ಆರತಿ. ಸೆಪ್ಟೆಂಬರ್ 26ರಿಂದ ಐದು ದಿನ ಬೃಂದಾವನದಲ್ಲಿ ನಡೀತು. ಇದಕ್ಕಾಗಿ ಸರ್ಕಾರ ಮೊದಲು ಹಾಕಿದ್ದ ಯೋಜನೆ 92 ಕೋಟಿ ದಾಟಿತ್ತು. ಅಣೆಕಟ್ಟೆ ಪಕ್ಕದಲ್ಲಿ ಇದೆಲ್ಲಾ ಬೇಡ, ಅಮ್ಯೂಸ್‌ಮೆಂಟ್ ಪಾರ್ಕೂ ಬೇಡ ಅಂತ ರೈತ ಸಂಘಟನೆಗಳು ಬೀದಿಗಿಳಿದವು, ವಿಷಯ ಹೈಕೋರ್ಟ್‌ವರೆಗೂ ಹೋಯ್ತು.

ಅಣೆಕಟ್ಟೆಯ ಭದ್ರತೆ ವಿಷಯ ಕೋರ್ಟಿಗೆ, ತಜ್ಞರಿಗೆ ಬಿಟ್ಟಿದ್ದು. ಆದ್ರೆ ವ್ಯಾಪಾರದ ದೃಷ್ಟಿಯಿಂದ ನೋಡಿದ್ರೂ ಒಂದು ಪ್ರಶ್ನೆ ಉಳಿಯುತ್ತೆ. ಆರತಿಯೂ ಸಂಜೆ, ಕಾರಂಜಿಯೂ ಸಂಜೆ. ಈಗಾಗಲೇ ಜನ ಇರೋ ಜಾಗಕ್ಕೆ, ಈಗಾಗಲೇ ಜನ ಇರೋ ಹೊತ್ತಿಗೇ ಇನ್ನಷ್ಟು ಜನರನ್ನ ಸೇರಿಸಿದ ಹಾಗಾಯ್ತು. ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಗಾಡಿ ಸ್ಟಾರ್ಟ್ ಮಾಡಿ ಮೈಸೂರು ರಸ್ತೆ ಹಿಡೀತಾರೆ. ಮಧ್ಯಾಹ್ನ ಪಟ್ಟಣದಲ್ಲಿ ಬಿಸಿಲಿಗೆ ಒಣಗೋ ಜನಕ್ಕೆ ಕೂರೋಕೆ ನೆರಳು, ಕುಡಿಯೋಕೆ ನೀರು, ಹೆಣ್ಮಕ್ಕಳಿಗೆ ಶುಚಿಯಾದ ಶೌಚಾಲಯ ಇದ್ರೆ ಅವರು ಇನ್ನೊಂದೆರಡು ಗಂಟೆ ಇರ್ತಾರೆ. ಇದಕ್ಕೆ ಕೋಟಿಗಟ್ಟಲೆ ಬೇಡ, ಪುರಸಭೆ ಮಟ್ಟದ ಕೆಲಸ.

ಶೌಚಾಲಯದ ಮಾತು ಕೆಲವರಿಗೆ ಸಣ್ಣದು ಅನ್ನಿಸಬಹುದು. ಆದ್ರೆ ಕುಟುಂಬ ಪ್ರವಾಸದಲ್ಲಿ ಎಲ್ಲಿ ನಿಲ್ಲಬೇಕು, ಎಲ್ಲಿಂದ ಬೇಗ ಹೊರಡಬೇಕು ಅಂತ ನಿರ್ಧಾರ ಮಾಡೋದು ಸ್ಟೀರಿಂಗ್ ಹಿಡಿದವನಲ್ಲ, ಹಿಂದಿನ ಸೀಟಿನಲ್ಲಿ ಮಕ್ಕಳ ಜೊತೆ ಕೂತವರು.

ದೇವಸ್ಥಾನದ ಬಾಗಿಲೂ ಇದೇ ಲೆಕ್ಕಕ್ಕೆ ಸೇರುತ್ತೆ. ಮಧ್ಯಾಹ್ನ ರಂಗನಾಥಸ್ವಾಮಿ ಬಾಗಿಲು ಹಾಕುತ್ತೆ. ಅದು ಸಂಪ್ರದಾಯ, ಬದಲಾಯಿಸಿ ಅನ್ನೋದು ಸರಿಯಲ್ಲ. ಆದ್ರೆ ಬಾಗಿಲು ಹಾಕಿದ ಹೊತ್ತಲ್ಲಿ ಬಂದವನಿಗೆ, ಅಣ್ಣಾ ಈಗ ಊಟ ಮಾಡಿ, ದರಿಯಾ ದೌಲತ್ ನೋಡ್ಕೊಂಡು ಬನ್ನಿ, ಸಂಜೆ ದರ್ಶನ ಆಗುತ್ತೆ ಅಂತ ಹೇಳೋ ಒಂದು ಬೋರ್ಡು ಸಾಕು. ಟಿಪ್ಪು 1784ರಲ್ಲಿ ಕಟ್ಟಿಸಿದ ಆ ಅರಮನೆಯ ಗೋಡೆ ಚಿತ್ರಗಳನ್ನ ಸರಿಯಾಗಿ ನೋಡೋಕೇ ಒಂದು ಗಂಟೆ ಬೇಕು. ಸದ್ಯಕ್ಕೆ ಬಾಗಿಲು ಮುಚ್ಚಿದ್ದು ನೋಡಿದ ಕುಟುಂಬ, ಹೋಗ್ಲಿ ಬಿಡು ಅಂತ ಗಾಡಿ ಹತ್ತುತ್ತೆ.

ಮುಂದಿನ ಹತ್ತು ದಿನ ಬರೋರು ಬೇರೆ ಜನ

ಈ ವರ್ಷ ಒಂದು ವಿಶೇಷ ಇದೆ. ಜಾತಿ ಗಣತಿ ಸಮೀಕ್ಷೆಗೆ ಶಿಕ್ಷಕರು ಬೇಕು ಅಂತ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆ ಅಕ್ಟೋಬರ್ 18ರವರೆಗೆ ಮುಂದಕ್ಕೆ ಹೋಯ್ತು. ಅನುದಾನರಹಿತ ಖಾಸಗಿ ಶಾಲೆಗಳಿಗೆ ಈ ರಜೆ ಇಲ್ಲ. ಇದರ ಅರ್ಥ ಅಂಗಡಿಯವರು ಗಮನಿಸಬೇಕಾದ್ದು. ಕಾರಲ್ಲಿ ಬರೋ ಬೆಂಗಳೂರಿನ ಬಹಳಷ್ಟು ಕುಟುಂಬಗಳ ಮಕ್ಕಳು ವಾಪಸ್ಸು ಸ್ಕೂಲಿಗೆ ಹೋದ್ರು. ವಾರದ ದಿನಗಳಲ್ಲಿ ಈಗ ಬರೋದು ಸರ್ಕಾರಿ ಶಾಲೆ ಮಕ್ಕಳ ಅಮ್ಮಂದಿರು, ಅಜ್ಜಿಯರು. ಬರೋದು ಬಸ್ಸಲ್ಲಿ, 2023ರ ಜೂನ್‌ನಿಂದ ನಡೀತಿರೋ ಶಕ್ತಿ ಯೋಜನೆಯ ಉಚಿತ ಟಿಕೆಟ್‌ನಲ್ಲಿ.

ಶಕ್ತಿ ಜನ ದುಡ್ಡು ಬಿಚ್ಚಲ್ಲ ಅಂತ ಕೆಲವು ವ್ಯಾಪಾರಸ್ಥರು ಮೂಗು ಮುರೀತಾರೆ. ಇದು ತಪ್ಪು ಲೆಕ್ಕ. ಕಾರಿನವರು ಇಳಿಯೋದು ಪಾರ್ಕಿಂಗ್‌ನಲ್ಲಿ, ನೋಡೋದು ದೇವಸ್ಥಾನ ಮಾತ್ರ. ಬಸ್ಸಿನವರು ಬಸ್ ಸ್ಟ್ಯಾಂಡಲ್ಲಿ ಇಳಿದು ಪೇಟೆ ಬೀದಿಯಲ್ಲಿ ನಡ್ಕೊಂಡು ಹೋಗ್ತಾರೆ, ನಡ್ಕೊಂಡು ವಾಪಸ್ಸು ಬರ್ತಾರೆ. ಪ್ರತಿ ಅಂಗಡಿಯನ್ನ ಎರಡು ಸಲ ನೋಡ್ತಾರೆ. ಎಕ್ಸ್‌ಪ್ರೆಸ್ ವೇ ಕಿತ್ಕೊಂಡ ದಾರಿಹೋಕ ಗಿರಾಕಿಯನ್ನ ಸ್ವಲ್ಪ ಮಟ್ಟಿಗೆ ವಾಪಸ್ಸು ಕೊಟ್ಟಿದ್ದು ಸಾಮಾನ್ಯ ಬಸ್ಸೇ. ಮೆಮು, ಪ್ಯಾಸೆಂಜರ್ ರೈಲಲ್ಲಿ ಬರೋರೂ ಹೀಗೇ. ಸ್ಟೇಷನ್ನಿಂದ ದೇವಸ್ಥಾನಕ್ಕೆ ನಡೆಯೋ ದೂರ.

ಈ ಜನಕ್ಕೆ ಬೇಕಾಗಿರೋದು ರೇಟು ಬರೆದಿರೋ ಊಟದ ಬೋರ್ಡು. ಒಳಗೆ ಹೋಗಿ ಕೂತು ಆಮೇಲೆ ಬಿಲ್ ನೋಡಿ ಗಾಬರಿ ಆಗೋದಕ್ಕಿಂತ ಬುತ್ತಿ ಕಟ್ಕೊಂಡು ಬರೋದೇ ಮೇಲು ಅಂತ ಅವರು ಅಂದ್ಕೊಳ್ತಾರೆ. ಹೊರಗೆ ದೊಡ್ಡದಾಗಿ ಮುದ್ದೆ ಊಟ ಇಷ್ಟು, ಅನ್ನ ಸಾಂಬಾರ್ ಇಷ್ಟು, ಮಕ್ಕಳಿಗೆ ಅರ್ಧ ಪ್ಲೇಟ್ ಇಷ್ಟು ಅಂತ ಬರೆದ್ರೆ ಕಾಲು ತಾನಾಗೇ ಒಳಗೆ ಬರುತ್ತೆ. ಆಟೋದವರಿಗೂ ಇದೇ ಮಾತು. ದೇವಸ್ಥಾನ, ನಿಮಿಷಾಂಬ, ಸಂಗಮ, ದರಿಯಾ ದೌಲತ್ ನಾಲ್ಕೂ ಸೇರಿ ಒಂದೇ ರೇಟು ಅಂತ ಸ್ಟ್ಯಾಂಡಲ್ಲಿ ಬೋರ್ಡು ಹಾಕಿದ್ರೆ ಚೌಕಾಸಿಯಲ್ಲಿ ಹೋಗೋ ಹೊತ್ತು ಉಳಿಯುತ್ತೆ, ಬಾಡಿಗೆಯೂ ಒಂದೆರಡು ಹೆಚ್ಚಾಗಿ ಸಿಗುತ್ತೆ.

ಯುಪಿಐ ಇಲ್ಲ ಅಂದ್ರೆ ಗಿರಾಕಿಯೂ ಇಲ್ಲ

ಈ ಸೀಸನ್‌ಗೆ ಅಡ್ಡ ಬಂದ ಇನ್ನೊಂದು ವಿಷಯ ಜುಲೈನ ನೋಟಿಸು. ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದ ಮೇಲೆ ರಾಜ್ಯದ ತುಂಬ ಕ್ಯೂಆರ್ ಸ್ಟಿಕ್ಕರ್ ಕಿತ್ತು ಹಾಕಿದ್ರು. ಆಮೇಲೆ ಸರ್ಕಾರ ಮೆತ್ತಗಾಯ್ತು. ಆದ್ರೂ ಭಯ ಇನ್ನೂ ಹೋಗಿಲ್ಲ, ಕ್ಯಾಷ್ ಓನ್ಲಿ ಬೋರ್ಡುಗಳು ಅಲ್ಲಲ್ಲಿ ಉಳಿದಿವೆ.

ನಿಯಮ ಇಷ್ಟೇ. ವರ್ಷದ ವಹಿವಾಟು ಸರಕು ಮಾರೋರಿಗೆ 40 ಲಕ್ಷ, ಹೋಟೆಲ್‌ನಂತಹ ಸೇವೆಯವರಿಗೆ 20 ಲಕ್ಷ ದಾಟಿದ್ರೆ ಜಿಎಸ್‌ಟಿ ನೋಂದಣಿ ಬೇಕು. ಹೂವು, ಹಣ್ಣು, ಹಾಲು, ತೆಂಗಿನಕಾಯಿಯಂಥ ತೆರಿಗೆ ಇಲ್ಲದ ಮಾಲು ಮಾತ್ರ ಮಾರೋರಿಗೆ ಅದರ ಗೋಜೇ ಇಲ್ಲ. ಒಂದೂವರೆ ಕೋಟಿವರೆಗಿನ ವಹಿವಾಟಿಗೆ ರಾಜಿ ತೆರಿಗೆ ಪದ್ಧತಿ ಇದೆ, ಅಂಗಡಿಗೆ ಶೇ 1, ಸಣ್ಣ ಹೋಟೆಲ್‌ಗೆ ಶೇ 5. ಬಾಮೈದ ಕಳಿಸಿದ ಕೈಸಾಲವೂ ಚೀಟಿ ದುಡ್ಡೂ ಅಂಗಡಿ ಕ್ಯೂಆರ್‌ಗೇ ಬಂದು ಬಿದ್ರೆ ನೋಡೋರಿಗೆ ಅದೆಲ್ಲ ವ್ಯಾಪಾರ ಅಂತಲೇ ಕಾಣುತ್ತೆ. ಅಂಗಡಿಗೆ ಬೇರೆ ಅಕೌಂಟ್ ಇಟ್ಟುಕೊಂಡ್ರೆ ಅರ್ಧ ತಲೆನೋವು ಕಡಿಮೆ. ಬೆಂಗಳೂರಿನಿಂದ ಬರೋ ಹುಡುಗ ಹುಡುಗಿಯರ ಜೇಬಲ್ಲಿ ಈಗ ನೋಟೇ ಇರಲ್ಲ. ಕ್ಯಾಷ್ ಮಾತ್ರ ಅಂದ ತಕ್ಷಣ ಪಕ್ಕದ ಅಂಗಡಿಗೆ ಹೋಗಲ್ಲ, ಮೈಸೂರಿಗೇ ಹೋಗ್ತಾರೆ.

ನದಿ ಹತ್ರ ಮಾತ್ರ ಹುಷಾರು

ಜನರನ್ನ ಇನ್ನೂ ಸ್ವಲ್ಪ ಹೊತ್ತು ನಿಲ್ಲಿಸಬೇಕು ಅಂದಾಗ ಎಲ್ಲರೂ ಮೊದಲು ನೆನೆಸ್ಕೊಳ್ಳೋದು ನದಿ. ಬಲಮುರಿ, ಎಡಮುರಿ, ಸಂಗಮ, ಗೋಸಾಯಿ ಘಾಟ್. ಆದ್ರೆ ಬಲಮುರಿ ಎಡಮುರಿಯಲ್ಲಿ ಈಜೋಕೆ ಇಳಿದು ಸತ್ತವರ ಸುದ್ದಿ ಈ ಭಾಗದಲ್ಲಿ ಹೊಸದಲ್ಲ. ಈ ವರ್ಷ ಕೆಆರ್‌ಎಸ್ ಜೂನ್‌ನಲ್ಲೇ 124.80 ಅಡಿ ಮುಟ್ಟಿತ್ತು. ತುಂಬಿದ ಕಟ್ಟೆಯಿಂದ ಯಾವಾಗ ಎಷ್ಟು ನೀರು ಬಿಡ್ತಾರೆ ಅನ್ನೋದು ಮೇಲಿನ ಮಳೆ ಮೇಲೆ. ಹೊರಗಿನವರಿಗೆ ಸುಳಿ ಗೊತ್ತಿರಲ್ಲ, ಬಂಡೆ ಮೇಲಿನ ಪಾಚಿ ಗೊತ್ತಿರಲ್ಲ. ದಡದಲ್ಲಿ ಅಂಗಡಿ ಇಟ್ಟವರೇ ಬೇಡ ಅಂತ ತಡೆದು ಎಷ್ಟೋ ಜನರನ್ನ ಉಳಿಸಿದ್ದಾರೆ. ಆ ಅಂಗಡಿಗಳನ್ನ ಒತ್ತುವರಿ ಅಂತ ಎತ್ತಿಸೋ ಮೊದಲು ಇದನ್ನೂ ಯೋಚನೆ ಮಾಡಬೇಕು. ರಂಗನತಿಟ್ಟಿನ ದೋಣಿ ವಿಹಾರವೂ ಹೊರಹರಿವು ಜಾಸ್ತಿಯಾದ್ರೆ ನಿಲ್ಲುತ್ತೆ, ಹೋಗೋ ಮುಂಚೆ ವಿಚಾರಿಸಿಕೊಂಡು ಹೋಗೋದು ಒಳ್ಳೇದು.

ನೀರಿಗೆ ಇಳಿಯದೇ ನೋಡೋಕೆ ತಾಲ್ಲೂಕಿನಲ್ಲಿ ಬೇಕಾದಷ್ಟಿದೆ. ಬೆಳಗ್ಗೆ ಬಿಸಿಲೇರೋ ಮುಂಚೆ ಕರಿಘಟ್ಟ ಹತ್ತಿದ್ರೆ ನಾಲೆ, ಗದ್ದೆ, ದ್ವೀಪ ಎಲ್ಲಾ ಒಂದೇ ನೋಟಕ್ಕೆ. ಅಕ್ಟೋಬರ್‌ನಲ್ಲಿ ಈ ಹಸಿರು ನೋಡೋಕೇ ಬರಬೇಕು. ಊರಿನವರೂ ಮಕ್ಕಳನ್ನ ಕರ್ಕೊಂಡು ಹೋಗಬಹುದು. ಮೈಸೂರಿನ ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನ ಸುಮಾರು ಮೂರು ತಿಂಗಳು ಇರುತ್ತೆ, ಓಡಿ ಹೋಗಲ್ಲ.

ಪಿತೃಪಕ್ಷದಿಂದ ಹಿಡಿದು ದೀಪಾವಳಿವರೆಗಿನ ಕಾಲ ಶ್ರೀರಂಗಪಟ್ಟಣಕ್ಕೆ ಯಾವತ್ತಿನಿಂದಲೂ ಸುಗ್ಗಿ. ಮಹಾಲಯ ಅಮಾವಾಸ್ಯೆಗೆ ಸಂಗಮದಲ್ಲಿ, ಪಶ್ಚಿಮವಾಹಿನಿಯಲ್ಲಿ ಪಿಂಡ ಬಿಡೋಕೆ ಬರೋ ಜನ ಮೈಸೂರು ದಸರಾ ನೋಡೋಕೆ ಬಂದವರಲ್ಲ, ಈ ನದಿಗೇ ಬಂದವರು. ತುಲಾ ಸ್ನಾನಕ್ಕೆ ಬರೋರೂ ಹಾಗೇ. ಈ ಜನಕ್ಕೆ ಜಾಹೀರಾತು ಬೇಕಿಲ್ಲ, ಬಂದೇ ಬರ್ತಾರೆ.

ಅಕ್ಟೋಬರ್ 17 ತುಲಾ ಸಂಕ್ರಮಣ. ಈ ಸಲ ಶುಕ್ರವಾರ ಬಿದ್ದಿದೆ, ನಿಮಿಷಾಂಬಕ್ಕೆ ಹೇಗಿದ್ದರೂ ಜನ ಜಾಸ್ತಿ ಇರೋ ದಿನ. ಸರ್ಕಾರಿ ಶಾಲೆ ರಜೆಯೂ ಇನ್ನೂ ಮುಗಿದಿರಲ್ಲ. ಅದಾದ ಮೂರೇ ದಿನಕ್ಕೆ ನರಕ ಚತುರ್ದಶಿ, 21ಕ್ಕೆ ಅಮಾವಾಸ್ಯೆ, 22ಕ್ಕೆ ಬಲಿಪಾಡ್ಯಮಿ. ದಸರಾ ಸರಕು ಉಳಿದಿರೋರು ಈಗಲೇ ಅರ್ಧ ರೇಟಿಗೆ ಕೊಟ್ಟು ಕೈ ತೊಳ್ಕೊಳ್ಳೋ ಅವಸರ ಬೇಡ. ಹೋಟೆಲ್‌ನವರು ಶುಕ್ರವಾರಕ್ಕೆ ತಿಂಡಿಗಿಂತ ಮಧ್ಯಾಹ್ನದ ಊಟಕ್ಕೆ ಆಳು ಹೇಳಿಡೋದು ಒಳ್ಳೇದು. ಬೆಳಗಿನ ಬಸ್ಸಿಗೆ ಬಂದವರು ಸ್ನಾನ, ಪೂಜೆ ಮುಗಿಸಿ ಪೇಟೆ ಬೀದಿಗೆ ವಾಪಸ್ಸು ಬರೋದು ಸರಿಸುಮಾರು ಒಂದು ಗಂಟೆಗೆ.